ಐಷಾರಾಮಿ ಮನೆಯ ವಿಜ್ಞಾನ: ನೀರು, ಭಾರ, ಬಿಸಿಲು

ಸೈಕಲ್ಲು, ಫ್ಯಾನು, ಕಾರು ಇವೆಲ್ಲ ಮಾರುಕಟ್ಟೆಗೆ ಬರುವ ಮೊದಲು ಅವುಗಳ ಹಲವು ಮಾದರಿಗಳನ್ನು ತಯಾರಿಸಿ, ಓಡಿಸಿ, ಬೇಕೆಂದೇ ಕೆಡಿಸಿ ನೋಡುತ್ತಾರೆ. ಕಂಡುಬಂದ ದೋಷಗಳನ್ನು ತಿದ್ದಿದ ಮೇಲಷ್ಟೇ ಅವು ಗ್ರಾಹಕರ ಕೈ ಸೇರುತ್ತವೆ. ಒಂದು ಕುಟುಂಬಕ್ಕಾಗಿಯೇ ವಿನ್ಯಾಸ ಮಾಡಿ ಕಟ್ಟುವ ಮನೆಗೆ ಈ ಅನುಕೂಲವಿಲ್ಲ. ಮೊದಲ ಮಾದರಿಯೂ ಅದೇ, ಕೊನೆಯ ಮಾದರಿಯೂ ಅದೇ. ಅದರ ಪರೀಕ್ಷೆ ನಡೆಯುವುದು ಗೃಹಪ್ರವೇಶದ ನಂತರ, ಮನೆಯವರು ಒಳಗೆ ವಾಸವಾಗಿರುವಾಗ. 'ಮನೆ ಕಟ್ಟಿ ನೋಡು' ಎಂದ ಹಿರಿಯರು ಖರ್ಚಿನ ಜೊತೆಗೆ ಇದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೇನೋ.

ಸಾಧಾರಣ ಮನೆಯಲ್ಲಿ ಈ ಅಪಾಯ ಕಡಿಮೆ. ಹತ್ತಡಿ ಹನ್ನೆರಡಡಿಯ ಕೋಣೆ, ನಾಲ್ಕಡಿಯ ಕಿಟಕಿ, ಅದರ ಮೇಲೆ ಎರಡಡಿಯ ಸಜ್ಜಾ ಇವು ಸಾವಿರಾರು ಬಾರಿ ಕಟ್ಟಿ ಸರಿಯೆಂದು ಕಂಡುಕೊಂಡ ಅಳತೆಗಳು. ಆಧುನಿಕ ಐಷಾರಾಮಿ ಮನೆಯನ್ನು ಕಟ್ಟಿಸುವವರು ಬಯಸುವುದು ಈ ರೂಢಿಯನ್ನು ಮೀರಿದ ರೂಪವನ್ನು. ಸಪಾಟಾದ ಮಾಳಿಗೆ, ಕಂಬದ ಆಸರೆಯಿಲ್ಲದೆ ಚಾಚಿಕೊಂಡ ಬಾಲ್ಕನಿ, ನೆಲದಿಂದ ಚಾವಣಿಯವರೆಗೆ ಗಾಜಿನ ಗೋಡೆ ಈ ಮೂರು ಇದ್ದರೆ ಮನೆ 'ಮಾಡರ್ನ್' ಆಯಿತೆಂಬ ಭಾವನೆ ಇದೆ. ಅಮೃತಶಿಲೆಯ ನೆಲ, ಹೊರದೇಶದ ನಲ್ಲಿ, ಹೋಮ್ ಥಿಯೇಟರ್ ಇವುಗಳ ಆಯ್ಕೆಗೆ ತಿಂಗಳುಗಟ್ಟಲೆ ಓಡಾಡುವವರು ಈ ಮೂರರ ಬಗ್ಗೆ ಒಂದು ಗಂಟೆಯನ್ನೂ ಕಳೆಯುವುದಿಲ್ಲ. ನೆಲ, ನಲ್ಲಿಗಳನ್ನು ಬೇಡವೆನಿಸಿದಾಗ ಬದಲಾಯಿಸಬಹುದು. ಇವನ್ನು ಬದಲಾಯಿಸಲು ಮನೆಯನ್ನೇ ಒಡೆಯಬೇಕು.

ಈ ಮೂರು ರೂಪಗಳನ್ನು ಪ್ರಸಿದ್ಧಿಗೆ ತಂದ ಮನೆಗಳಲ್ಲಿ ಮೂರು ಮುಖ್ಯವಾದವು. ಅವನ್ನು ವಿನ್ಯಾಸ ಮಾಡಿದವರು ಇಪ್ಪತ್ತನೆಯ ಶತಮಾನದ ಅತ್ಯಂತ ಹೆಸರುವಾಸಿ ವಾಸ್ತುಶಿಲ್ಪಿಗಳು. ಮಾಲೀಕರಿಗೆ ಹಣದ ಕೊರತೆ ಇರಲಿಲ್ಲ. ಆದರೂ ಒಂದರಲ್ಲಿ ನೀರು, ಇನ್ನೊಂದರಲ್ಲಿ ಭಾರ, ಮತ್ತೊಂದರಲ್ಲಿ ಬಿಸಿಲು ಮನೆಯವರನ್ನು ಕಾಡಿದವು. ಏಕೆಂದು ತಿಳಿದರೆ ನಮ್ಮ ಊರಿನಲ್ಲಿ ಇಂಥ ಮನೆ ಕಟ್ಟಿಸುವವರು ಅದೇ ತೊಂದರೆಯನ್ನು ದುಡ್ಡು ಕೊಟ್ಟು ತಂದುಕೊಳ್ಳುವುದು ತಪ್ಪೀತು.

ಸಪಾಟು ಮಾಳಿಗೆ ಮತ್ತು ನೀರು

ಪ್ಯಾರಿಸ್ಸಿನ ಸಮೀಪ ಪ್ವಾಸಿ ಎಂಬಲ್ಲಿ 'ವಿಲ್ಲಾ ಸವೋಯ್' ಎಂಬ ಬಿಳಿಯ ಮನೆ ಇದೆ. ಸವೋಯ್ ದಂಪತಿಗಾಗಿ ಲ ಕಾರ್ಬೂಸಿಯೆ ತನ್ನ ಸೋದರಸಂಬಂಧಿ ಪಿಯರ್ ಜನರೆ ಜೊತೆ ಸೇರಿ ಇದನ್ನು ವಿನ್ಯಾಸ ಮಾಡಿದ. ಕಟ್ಟಡ 1931ರಲ್ಲಿ ಮುಗಿಯಿತು. ತೆಳುವಾದ ಕಂಬಗಳ ಮೇಲೆ ನಿಂತ ಪೆಟ್ಟಿಗೆಯಂಥ ಆಕಾರ, ಉದ್ದಕ್ಕೂ ಸಾಗುವ ಕಿಟಕಿ, ಇಳಿಜಾರು ಸೂರಿನ ಬದಲು ಸಪಾಟು ಮಾಳಿಗೆ ಮತ್ತು ಅದರ ಮೇಲೆ ತೋಟ. ಇಂದಿನ ಪೆಟ್ಟಿಗೆಯಾಕಾರದ ಬಂಗಲೆಗಳೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಇದರ ಸಂತತಿಯೇ. ಆದರೆ ಮಾಳಿಗೆ ಸೋರಿತು. ಮೊಗಸಾಲೆಯಲ್ಲಿ, ಒಳಗಿನ ಇಳಿಜಾರು ದಾರಿಯಲ್ಲಿ, ಸ್ನಾನದ ಮನೆಯಲ್ಲಿ ಮಳೆನೀರು ಬೀಳುತ್ತಿದೆಯೆಂದು ಮನೆಯೊಡತಿ ವರ್ಷಗಟ್ಟಲೆ ಪತ್ರ ಬರೆಯಬೇಕಾಯಿತು. ಮನೆ ವಾಸಕ್ಕೆ ಯೋಗ್ಯವಲ್ಲವೆಂದು 1937ರಲ್ಲಿ ಆಕೆ ಕಟುವಾಗಿ ತಿಳಿಸಿದಳು. ಸ್ವಲ್ಪ ಕಾಲದಲ್ಲೇ ಎರಡನೆಯ ಮಹಾಯುದ್ಧ ಬಂತು, ಕುಟುಂಬ 1940ರಲ್ಲಿ ಮನೆ ಬಿಟ್ಟಿತು. ಈ ಕಟ್ಟಡ 2016ರಲ್ಲಿ ಕಾರ್ಬೂಸಿಯೆಯ ಇತರ ಕೃತಿಗಳೊಂದಿಗೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಸಪಾಟು ಮಾಳಿಗೆ ಏಕೆ ಸೋರುತ್ತದೆ? ಇಳಿಜಾರು ಹೆಂಚಿನ ಸೂರಿನ ಮೇಲೆ ನೀರು ನಿಲ್ಲುವುದೇ ಇಲ್ಲ. ಹೆಂಚುಗಳ ನಡುವೆ ಸಂದು ಇದ್ದರೂ ನೀರು ಅದನ್ನು ಹುಡುಕುವ ಮೊದಲೇ ಕೆಳಗಿಳಿದಿರುತ್ತದೆ. ಸಪಾಟು ಮಾಳಿಗೆಯಲ್ಲಿ ನೀರಿಗೆ ಬೇಕಾದಷ್ಟು ಬಿಡುವು ಇದೆ. ಕೂದಲೆಳೆಯ ಬಿರುಕು ಸಿಕ್ಕಿದರೂ ಗಂಟೆಗಟ್ಟಲೆ ನಿಂತು ಒಳಗಿಳಿಯುತ್ತದೆ.

ಬಿರುಕು ಹುಟ್ಟಿಸುವುದು ಬಿಸಿಲು. ಒಂದು ಡಿಗ್ರಿ ಸೆಲ್ಸಿಯಸ್ ಕಾವಿಗೆ ಕಾಂಕ್ರೀಟು ತನ್ನ ಉದ್ದದ ಸುಮಾರು ಲಕ್ಷದಲ್ಲಿ ಒಂದು ಭಾಗದಷ್ಟು ಹಿಗ್ಗುತ್ತದೆ. ರಾತ್ರಿಗೂ ನಡುಹಗಲಿಗೂ ಮಾಳಿಗೆಯ ಕಾವಿನಲ್ಲಿ 30 ಡಿಗ್ರಿ ವ್ಯತ್ಯಾಸವಿದ್ದರೆ 15 ಮೀಟರ್ ಉದ್ದದ ಮಾಳಿಗೆ ನಾಲ್ಕೂವರೆ ಮಿಲಿಮೀಟರಿನಷ್ಟು ಹಿಗ್ಗಿ ಕುಗ್ಗುತ್ತದೆ. ಇದು ವರ್ಷದ ಬಹುಪಾಲು ದಿನ ನಡೆಯುವ ಚಲನೆ. ಮಾಳಿಗೆಯ ಜೊತೆ ಅಷ್ಟೇ ಹಿಗ್ಗದ ಪ್ಯಾರಪೆಟ್ ಗೋಡೆ ಸೇರುವ ಮೂಲೆಯಲ್ಲಿ ಮೊದಲ ಬಿರುಕು ಕಾಣಿಸುವುದು ಇದರಿಂದಲೇ. ಆ ಮೂಲೆಯನ್ನು ಚೂಪಾಗಿ ಬಿಡದೆ ಗಾರೆಯಿಂದ ದುಂಡಗೆ ಮಾಡಿ, ನೀರುತಡೆ ಪದರವನ್ನು ಗೋಡೆಯ ಮೇಲೆ ಒಂದಡಿಯಷ್ಟು ಏರಿಸುವುದು ಹಳೆಯ, ಸರಿಯಾದ ಪದ್ಧತಿ.

'ಸಪಾಟು' ಎಂಬುದು ಕಣ್ಣಿಗೆ ಮಾತ್ರ. ಮಾಳಿಗೆಗೆ ನೂರಕ್ಕೆ ಒಂದರಷ್ಟಾದರೂ ಇಳಿಜಾರು ಬೇಕು. ಎಂದರೆ ಹತ್ತು ಮೀಟರ್ ಉದ್ದಕ್ಕೆ ಹತ್ತು ಸೆಂಟಿಮೀಟರ್ ಇಳಿತ. ನೀರಿಳಿಯುವ ಕೊಳವೆಗಳ ಸಂಖ್ಯೆಯನ್ನು ವರ್ಷದ ಸರಾಸರಿ ಮಳೆಯಿಂದ ನಿರ್ಧರಿಸಬಾರದು. ಅತಿ ಬಿರುಸಿನ ಒಂದು ಗಂಟೆಯ ಮಳೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆಯಾದರೆ 200 ಚದರ ಮೀಟರ್ ಮಾಳಿಗೆಯ ಮೇಲೆ ಬೀಳುವ ನೀರು 10,000 ಲೀಟರು, ಅಂದರೆ ಹತ್ತು ಟನ್ನು. ಕೊಳವೆಯ ಬಾಯಿಗೆ ಎಲೆ ಕಟ್ಟಿಕೊಂಡರೆ ಅಷ್ಟೂ ಮೇಲೆಯೇ ನಿಲ್ಲುತ್ತದೆ. ಎರಡನೆಯ ಕೊಳವೆ ಇಲ್ಲದ ಮಾಳಿಗೆಯನ್ನು ಒಪ್ಪಿಕೊಳ್ಳಲೇಬಾರದು.

ಇದೇ ನೀರನ್ನು ಹಿಡಿದಿಟ್ಟರೆ ಅದು ಸಂಪತ್ತು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 950 ಮಿಲಿಮೀಟರ್ ಮಳೆ ಎಂದಿಟ್ಟುಕೊಂಡು, ಐದನೆಯ ಒಂದು ಭಾಗ ನಷ್ಟವೆಂದು ಕಳೆದರೂ 200 ಚದರ ಮೀಟರ್ ಮಾಳಿಗೆ ಒಂದೂವರೆ ಲಕ್ಷ ಲೀಟರಿಗೂ ಹೆಚ್ಚು ನೀರು ಕೊಡುತ್ತದೆ.

ಚಾಚಿದ ಬಾಲ್ಕನಿ ಮತ್ತು ಭಾರ

ಎರಡನೆಯ ಮನೆ ಅಮೆರಿಕದ ಪೆನ್ಸಿಲ್ವೇನಿಯಾದ 'ಫಾಲಿಂಗ್‌ವಾಟರ್'. ಪಿಟ್ಸ್‌ಬರ್ಗಿನ ದೊಡ್ಡ ವ್ಯಾಪಾರಿ ಎಡ್ಗರ್ ಕಾಫ್‌ಮನ್‌ಗಾಗಿ ಫ್ರಾಂಕ್ ಲಾಯ್ಡ್ ರೈಟ್ 1935ರಲ್ಲಿ ಇದನ್ನು ವಿನ್ಯಾಸ ಮಾಡಿದ. ಒಂದು ಸಣ್ಣ ಜಲಪಾತದ ಮೇಲೆಯೇ ಕಾಂಕ್ರೀಟಿನ ತೆರೆದ ಅಂಗಳಗಳು ಒಂದರ ಮೇಲೊಂದು ಚಾಚಿಕೊಂಡಿವೆ. ಮೊದಲ ಅಂದಾಜು 35,000 ಡಾಲರು. ಅತಿಥಿಗೃಹವೂ ಸೇರಿ ಎಲ್ಲ ಮುಗಿಯುವಾಗ ಖರ್ಚು ಒಂದೂವರೆ ಲಕ್ಷ ಡಾಲರ್ ದಾಟಿತ್ತು.

ಒಂದು ತುದಿ ಬಿಗಿಯಾಗಿ ಹಿಡಿದು, ಇನ್ನೊಂದು ತುದಿ ಗಾಳಿಯಲ್ಲಿ ಚಾಚಿರುವ ರಚನೆಗೆ ಕ್ಯಾಂಟಿಲಿವರ್ ಎಂದು ಹೆಸರು. ಮರದ ಕೊಂಬೆ ಇದಕ್ಕೆ ಉತ್ತಮ ಉದಾಹರಣೆ. ಕೊಂಬೆ ಬುಡದಲ್ಲಿ ದಪ್ಪ, ತುದಿಯಲ್ಲಿ ತೆಳು. ಬಾಗಿಸುವ ಪ್ರಭಾವ ಬುಡದಲ್ಲಿ ಅತ್ಯಧಿಕವಾದ್ದರಿಂದ ಪ್ರಕೃತಿ ಹಾಗೆ ರೂಪಿಸಿದೆ. ಉದ್ದಕ್ಕೂ ಸಮನಾಗಿ ಭಾರ ಹೊತ್ತ ಕ್ಯಾಂಟಿಲಿವರಿನ ಚಾಚು ಇಮ್ಮಡಿಯಾದರೆ ಬುಡದಲ್ಲಿನ ಬಾಗಿಸುವ ಪ್ರಭಾವ ನಾಲ್ಕು ಪಟ್ಟಾಗುತ್ತದೆ. ದಪ್ಪ ಅಷ್ಟೇ ಇದ್ದರೆ ತುದಿಯ ಇಳಿತ ಹದಿನಾರು ಪಟ್ಟಾಗುತ್ತದೆ. ಐದಡಿಯ ಬಾಲ್ಕನಿಯನ್ನು ಹತ್ತಡಿಗೆ ಚಾಚುವುದೆಂದರೆ ಎರಡು ಪಟ್ಟು ಕೆಲಸವಲ್ಲ ಎಂಬುದನ್ನು ಗಮನಿಸಬೇಕು.

ಫಾಲಿಂಗ್‌ವಾಟರ್‌ನ ಮುಖ್ಯ ತೊಲೆಗಳಲ್ಲಿ ಉಕ್ಕಿನ ಸರಳು ಸಾಲದೆಂದು ಕಾಫ್‌ಮನ್ ಪರವಾಗಿ ಪರಿಶೀಲಿಸಿದ ಇಂಜಿನಿಯರುಗಳಿಗೆ ಅನುಮಾನ ಬಂದು, ರೈಟ್‌ನ ಸಮ್ಮತಿಯಿಲ್ಲದೆಯೇ ಸರಳುಗಳನ್ನು ಇಮ್ಮಡಿ ಮಾಡಲಾಯಿತು. ಇದು ತಿಳಿದಾಗ ರೈಟ್ ಕೋಪಗೊಂಡ. ಆದರೆ ಆ ಹೆಚ್ಚುವರಿ ಸರಳು ಇಲ್ಲದಿದ್ದರೆ ಅಂಗಳ ಉಳಿಯುತ್ತಿರಲಿಲ್ಲವೆಂದು ದಶಕಗಳ ನಂತರದ ಲೆಕ್ಕಾಚಾರ ತೋರಿಸಿತು. ಸೆಂಟ್ರಿಂಗ್ ತೆಗೆದ ಕೂಡಲೇ ಅಂಗಳ ಒಂದೂಮುಕ್ಕಾಲು ಅಂಗುಲ ಬಾಗಿತು. ಅಷ್ಟಕ್ಕೇ ನಿಲ್ಲಲಿಲ್ಲ. ಕಾಂಕ್ರೀಟು ಸದಾ ಭಾರ ಹೊತ್ತಿದ್ದರೆ ವರ್ಷಗಟ್ಟಲೆ ನಿಧಾನವಾಗಿ ಬಾಗುತ್ತಲೇ ಹೋಗುತ್ತದೆ. ತಂತ್ರಜ್ಞರು ಈ ಗುಣವನ್ನು 'ಕ್ರೀಪ್' ಎನ್ನುತ್ತಾರೆ. ಜೊತೆಗೆ ಮೇಲಿನ ಮಹಡಿಯ ಅಂಗಳದ ಭಾರವೂ ಕಿಟಕಿಗಳ ನಡುವಿನ ಉಕ್ಕಿನ ಕಂಬಿಗಳ ಮೂಲಕ ಕೆಳಗಿನದರ ಮೇಲೆ ಬರುತ್ತಿತ್ತು. ಕಳೆದ ಶತಮಾನದ ಕೊನೆಯ ಹೊತ್ತಿಗೆ 15 ಅಡಿ ಚಾಚಿಗೆ ಏಳು ಅಂಗುಲದವರೆಗೆ ಇಳಿತ ಕಂಡುಬಂತು. ಭಾರತದ ಕಾಂಕ್ರೀಟು ಸಂಹಿತೆ ಐ.ಎಸ್. 456 ಒಪ್ಪುವ ಒಟ್ಟು ಇಳಿತ ಚಾಚಿನ 250ನೆಯ ಒಂದು ಭಾಗ. 15 ಅಡಿಗೆ ಇದು ಮುಕ್ಕಾಲು ಅಂಗುಲಕ್ಕಿಂತ ಕಡಿಮೆ. 1997ರಲ್ಲಿ ತಾತ್ಕಾಲಿಕ ಉಕ್ಕಿನ ಆಸರೆ ಕೊಟ್ಟು, 2002ರಲ್ಲಿ ತೊಲೆಗಳ ಪಕ್ಕದಲ್ಲಿ ಉಕ್ಕಿನ ಕೇಬಲ್‌ಗಳನ್ನು ಅಳವಡಿಸಿ ಎಳೆದು ಬಿಗಿದರು. ಬಾಗುವುದು ನಿಂತಿತು. ಬಾಗಿದ್ದು ಪೂರ್ತಿ ನೆಟ್ಟಗಾಗಲಿಲ್ಲ.

ನಮ್ಮಲ್ಲಿ ಕ್ಯಾಂಟಿಲಿವರ್ ಕೆಡುವುದಕ್ಕೆ ಇನ್ನೂ ಸರಳ ಕಾರಣಗಳಿವೆ. ಸಾಮಾನ್ಯ ಚಾವಣಿಯ ನಡುಭಾಗದಲ್ಲಿ ಮುಖ್ಯ ಸರಳು ಕೆಳಭಾಗದಲ್ಲಿರುತ್ತದೆ. ಕ್ಯಾಂಟಿಲಿವರಿನಲ್ಲಿ ಎಳೆತಕ್ಕೆ ಸಿಕ್ಕುವುದು ಮೇಲ್ಭಾಗ, ಆದ್ದರಿಂದ ಸರಳೂ ಮೇಲಿರಬೇಕು. ಕಾಂಕ್ರೀಟು ಹಾಕುವಾಗ ಕೆಲಸದವರು ಅದರ ಮೇಲೆ ನಡೆದಾಡಿದರೆ ಸರಳು ಕೆಳಕ್ಕೆ ಕುಸಿಯುತ್ತದೆ. ಹಾಗೆ ಕುಸಿದ ಸರಳು ಇದ್ದೂ ಇಲ್ಲದಂತೆ. ಕಾಂಕ್ರೀಟು ಮುಚ್ಚಿದ ಮೇಲೆ ಈ ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ. ಕ್ಯಾಂಟಿಲಿವರಿಗೆ ಎರಡನೆಯ ಆಸರೆ ಇಲ್ಲದ್ದರಿಂದ ಅದು ಬಿದ್ದರೆ ಪೂರ್ತಿಯಾಗಿ ಬೀಳುತ್ತದೆ.

ಭಾರದ ಇನ್ನೊಂದು ಮುಖ ನಂತರ ಸೇರಿಸುವ ಆಸೆಗಳದು. ವಾಸದ ಕೋಣೆಯ ನೆಲವನ್ನು ಜನ, ಪೀಠೋಪಕರಣಗಳ ಭಾರಕ್ಕಾಗಿ ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಮ್‌ಗೆ, ಓಡಾಡುವ ತಾರಸಿಯನ್ನು ಸುಮಾರು 150 ಕಿಲೋಗ್ರಾಮ್‌ಗೆ ವಿನ್ಯಾಸ ಮಾಡುತ್ತಾರೆ. ನಾಲ್ಕಡಿ ನೀರು ನಿಲ್ಲುವ ಈಜುಕೊಳ ಹೇರುವ ಭಾರ ಚದರ ಮೀಟರಿಗೆ 1,200 ಕಿಲೋಗ್ರಾಮ್. ಅಂದರೆ ತಾರಸಿಯ ಲೆಕ್ಕಕ್ಕಿಂತ ಎಂಟು ಪಟ್ಟು. ಒಂದಡಿ ಒದ್ದೆ ಮಣ್ಣಿನ ತೋಟವೂ ಸುಮಾರು 500 ಕಿಲೋಗ್ರಾಮ್ ಹೇರುತ್ತದೆ. ತಾರಸಿಯ ಮೇಲೆ ಕೊಳವೋ ತೋಟವೋ ಬೇಕಿದ್ದರೆ ಪಾಯ ತೋಡುವ ಮೊದಲೇ ಹೇಳಬೇಕು. ಮನೆ ಮುಗಿದ ಮೇಲೆ ಹೊಳೆದ ಕೊಳ ಅಪಾಯಕರ.

ಗಾಜಿನ ಗೋಡೆ ಮತ್ತು ಬಿಸಿಲು

ಮೂರನೆಯ ಮನೆ ಶಿಕಾಗೋದಿಂದ ನೈರುತ್ಯಕ್ಕೆ ಪ್ಲೇನೊ ಎಂಬಲ್ಲಿ ಫಾಕ್ಸ್ ನದಿಯ ದಂಡೆಯಲ್ಲಿದೆ. ಮೂತ್ರಪಿಂಡ ತಜ್ಞೆ ಡಾ. ಎಡಿತ್ ಫಾರ್ನ್ಸ್‌ವರ್ತ್‌ಗಾಗಿ ಮೀಸ್ ವಾನ್ ಡೆರ್ ರೋಹೆ ಕಟ್ಟಿದ ಈ ಮನೆ 1951ರಲ್ಲಿ ಮುಗಿಯಿತು. ನಾಲ್ಕು ಗೋಡೆಗಳೂ ಗಾಜಿನವು, ಅದೂ ಒಂದೇ ಪದರದ್ದು. ಗಾಳಿಯಾಡಲು ಪಶ್ಚಿಮದಲ್ಲಿ ಬಾಗಿಲು, ಪೂರ್ವದಲ್ಲಿ ಎರಡು ಸಣ್ಣ ಕಿಟಕಿ. ಬೇಸಿಗೆಯಲ್ಲಿ ಒಳಗೆ ತಾಳಲಾರದ ಸೆಕೆ. ಚಳಿಗಾಲದಲ್ಲಿ ಗಾಜಿನ ಒಳಮೈ ಬೆವರಿ ನೀರಿಳಿಯುತ್ತಿತ್ತು. ಖರ್ಚು ಅಂದಾಜು ಮೀರಿದ್ದರಿಂದ ವಾಸ್ತುಶಿಲ್ಪಿ ಮತ್ತು ಮಾಲೀಕಳ ನಡುವೆ ವ್ಯಾಜ್ಯವೂ ನಡೆಯಿತು. 1972ರಲ್ಲಿ ಕೊಂಡುಕೊಂಡ ಹೊಸ ಮಾಲೀಕ ಹವಾನಿಯಂತ್ರಣ ಹಾಕಿಸಿದ.

ಸೂರ್ಯನಿಂದ ಬರುವ ಬೆಳಕು ಮತ್ತು ಕಿರುತರಂಗದ ಶಾಖವನ್ನು ಸಾಮಾನ್ಯ ಗಾಜು ಸರಾಗವಾಗಿ ಒಳಗೆ ಬಿಡುತ್ತದೆ. ಅದನ್ನು ಹೀರಿ ಬಿಸಿಯಾದ ನೆಲ, ಸೋಫಾಗಳು ಹೊರಸೂಸುವ ದೀರ್ಘತರಂಗದ ಅವಕೆಂಪು ಕಿರಣಗಳು ಗಾಜನ್ನು ದಾಟಲಾರವು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಕೈಯಿಟ್ಟವರಿಗೆ ಇದರ ಪರಿಣಾಮ ಗೊತ್ತು.

ಬೆಂಗಳೂರಿನ ಒಂದು ಲೆಕ್ಕ ನೋಡೋಣ. ಪಶ್ಚಿಮಕ್ಕೆ ಮುಖ ಮಾಡಿದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಗಾಜಿನ ಗೋಡೆ. ನಿರಭ್ರ ದಿನದ ಸಂಜೆ ನಾಲ್ಕರ ಹೊತ್ತಿಗೆ ಅದರ ಮೇಲೆ ಚದರ ಮೀಟರಿಗೆ ಸುಮಾರು 600 ವ್ಯಾಟ್ ಬಿಸಿಲು ಬೀಳುತ್ತದೆ ಎನ್ನೋಣ. 12 ಚದರ ಮೀಟರಿಗೆ 7.2 ಕಿಲೋವ್ಯಾಟ್. ಸಾಧಾರಣ ಗಾಜು ಇದರಲ್ಲಿ ನೂರಕ್ಕೆ ಎಂಬತ್ತು ಭಾಗವನ್ನು ಒಳಗೆ ಬಿಡುತ್ತದೆ, ಅಂದರೆ ಸುಮಾರು 5.8 ಕಿಲೋವ್ಯಾಟ್. ಒಂದು ಟನ್ನಿನ ಎ.ಸಿ. ಹೊರಹಾಕುವ ಶಾಖ 3.5 ಕಿಲೋವ್ಯಾಟ್. ಎಂದರೆ ಒಂದೂವರೆ ಟನ್ನಿಗೂ ಮೀರಿದ ಎ.ಸಿ. ಈ ಒಂದು ಗೋಡೆಯ ಬಿಸಿಲನ್ನು ಹೊರಹಾಕಲಿಕ್ಕೇ ಬೇಕು.

'ಎರಡು ಪದರದ ಗಾಜು ಹಾಕಿಸಿದ್ದೇವೆ' ಎಂದು ಹಲವರು ಸಮಾಧಾನಪಡುತ್ತಾರೆ. ಆ ಗಾಜು ಮುಖ್ಯವಾಗಿ ತಡೆಯುವುದು ಒಳಗಿನ ಮತ್ತು ಹೊರಗಿನ ಕಾವಿನ ವ್ಯತ್ಯಾಸದಿಂದ ಹರಿಯುವ ಶಾಖವನ್ನು. ಬೆಂಗಳೂರಿನಲ್ಲಿ ಈ ವ್ಯತ್ಯಾಸ 8 ಡಿಗ್ರಿ ಎಂದಿಟ್ಟುಕೊಂಡರೆ ಒಂಟಿ ಪದರದ ಮೂಲಕ ಮೇಲಿನ ಗೋಡೆಯಲ್ಲಿ ಹರಿಯುವ ಶಾಖ ಸುಮಾರು ಅರ್ಧ ಕಿಲೋವ್ಯಾಟ್. ಎರಡು ಪದರ ಅದನ್ನು ಅರ್ಧಕ್ಕಿಳಿಸುತ್ತದೆ. ನೇರ ಬಿಸಿಲಿನಿಂದ ಬರುವ 5.8 ಕಿಲೋವ್ಯಾಟ್‌ನಲ್ಲಿ ಮಾತ್ರ ಅಲ್ಪ ಇಳಿಕೆ. ಹಿಮ ಬೀಳುವ ದೇಶದಲ್ಲಿ ಎರಡು ಪದರ ಅತ್ಯಗತ್ಯ. ನಮ್ಮಲ್ಲಿ ಮೊದಲು ಬೇಕಾದದ್ದು ನೆರಳು, ಆಮೇಲೆ ಬಿಸಿಲನ್ನು ಹಿಂದಕ್ಕೆ ಕಳಿಸುವ ಲೇಪನದ ಗಾಜು.

ನೆರಳಿನ ಲೆಕ್ಕ ದಿಕ್ಕಿನ ಮೇಲೆ ನಿಂತಿದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ನಡುಹಗಲಿನಲ್ಲಿ ಸೂರ್ಯ ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿ ದಿಗಂತದಿಂದ 53 ಡಿಗ್ರಿ ಎತ್ತರದಲ್ಲೂ, ಜೂನಿನಲ್ಲಿ ಉತ್ತರಕ್ಕೆ ವಾಲಿ ಸುಮಾರು 79 ಡಿಗ್ರಿ ಎತ್ತರದಲ್ಲೂ ಇರುತ್ತಾನೆ. ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ಮಧ್ಯದ ನಂತರ ನೆತ್ತಿಯ ಮೇಲೆಯೇ ಹಾಯುತ್ತಾನೆ. ಆದ್ದರಿಂದ ಉತ್ತರ, ದಕ್ಷಿಣದ ಕಿಟಕಿಗಳಿಗೆ ನೆರಳು ಕೊಡುವುದು ಸುಲಭ. ಮಾರ್ಚ್ ಮತ್ತು ಸೆಪ್ಟೆಂಬರಿನ ನಡುಹಗಲಿನಲ್ಲಿ ಎರಡಡಿಯ ಸಜ್ಜಾ ದಕ್ಷಿಣದ ಎರಡು ಮೀಟರ್ ಎತ್ತರದ ಕಿಟಕಿಯನ್ನು ಪೂರ್ತಿ ಮರೆಮಾಡುತ್ತದೆ. ಪಶ್ಚಿಮದಲ್ಲಿ ಕಥೆಯೇ ಬೇರೆ. ಅದೇ ದಿನಗಳಲ್ಲಿ ಸಂಜೆ ನಾಲ್ಕರ ಸುಮಾರಿಗೆ ಸೂರ್ಯ ದಿಗಂತದಿಂದ ಸುಮಾರು 29 ಡಿಗ್ರಿ ಎತ್ತರಕ್ಕೆ ಇಳಿದಿರುತ್ತಾನೆ. ಎರಡು ಮೀಟರ್ ಗಾಜನ್ನು ಆ ಬಿಸಿಲಿನಿಂದ ಮರೆಮಾಡಲು ಮೂರೂವರೆ ಮೀಟರ್ ಚಾಚಿದ ಸಜ್ಜಾ ಬೇಕು. ಅಷ್ಟು ಚಾಚಿದರೆ ಮೇಲೆ ಹೇಳಿದ ಕ್ಯಾಂಟಿಲಿವರಿನ ಸಮಸ್ಯೆ ತಲೆಯೆತ್ತುತ್ತದೆ. ಪಶ್ಚಿಮಕ್ಕೆ ಜಾಲಂಧ್ರ, ನಿಲುವು ಪಟ್ಟಿ, ಹೊರಗಿನಿಂದ ಇಳಿಬಿಡುವ ತಟ್ಟಿ, ಮರ, ಇಲ್ಲವೇ ಮೆಟ್ಟಿಲು, ಉಗ್ರಾಣದಂಥ ಕೋಣೆಗಳೇ ಸರಿ. ಪರದೆಯನ್ನು ಒಳಗೆ ಹಾಕಿದರೆ ಅಷ್ಟು ಪ್ರಯೋಜನವಿಲ್ಲ, ಏಕೆಂದರೆ ಬಿಸಿಲು ಆಗಲೇ ಗಾಜನ್ನು ದಾಟಿರುತ್ತದೆ. ಕಾರ್ಬೂಸಿಯೆ ಕೂಡ 1950ರ ದಶಕದಲ್ಲಿ ಚಂಡೀಗಢದ ಕಟ್ಟಡಗಳಿಗೆ ಆಳವಾದ ಕಾಂಕ್ರೀಟು ಬಿಸಿಲುತಡೆಗಳನ್ನು ಹೊರಗಡೆಯೇ ಕೊಟ್ಟ.

ಮಾಳಿಗೆಯನ್ನೂ ಮರೆಯಬಾರದು. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ 'ಇಕೋ ನಿವಾಸ್ ಸಂಹಿತಾ' ಮಾಳಿಗೆಯ ಮೂಲಕ ಹರಿಯುವ ಶಾಖಕ್ಕೆ ಮಿತಿ ಹಾಕಿತು. ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 1.2 ವ್ಯಾಟ್ ಆ ಮಿತಿ. ಬರಿಯ 15 ಸೆಂಟಿಮೀಟರ್ ಕಾಂಕ್ರೀಟಿನಲ್ಲಿ ಇದರ ಎರಡೂವರೆ ಪಟ್ಟಿಗೂ ಹೆಚ್ಚು ಶಾಖ ಹರಿಯುತ್ತದೆ. ಐದು ಸೆಂಟಿಮೀಟರ್ ಶಾಖನಿರೋಧಕ ಪದರ ಅದನ್ನು ಮಿತಿಯೊಳಕ್ಕೆ ತರುತ್ತದೆ. ಒಟ್ಟು ವೆಚ್ಚದಲ್ಲಿ ಇದು ಅಲ್ಪಾಂಶ. ಈ ಪದರ ಕಾಂಕ್ರೀಟಿನ ಮೇಲಿದ್ದರೆ ಹಿಗ್ಗು ಕುಗ್ಗುಗಳೂ ತಗ್ಗಿ ಬಿರುಕು ಕಡಿಮೆಯಾಗುತ್ತದೆ.

ಮತ್ತೆ ನೀರು, ಈ ಸಲ ಕೆಳಗಿನಿಂದ

ಫಾಕ್ಸ್ ನದಿ ಉಕ್ಕುವುದು ಗೊತ್ತಿದ್ದರಿಂದಲೇ ಮೀಸ್ ಮನೆಯ ನೆಲವನ್ನು ಭೂಮಿಯಿಂದ ಐದಡಿ ಎತ್ತರಿಸಿದ್ದ. ಆದರೆ 1954ರಲ್ಲಿ ಪ್ರವಾಹ ಅದನ್ನೂ ಮೀರಿ ಒಳನುಗ್ಗಿತು. 1996ರಲ್ಲಿ ಇನ್ನೂ ಏರಿ ಗಾಜನ್ನೇ ಒಡೆಯಿತು. 2008ರಲ್ಲಿ ಮತ್ತೊಮ್ಮೆ ಬಂತು. ಇದನ್ನು ದೂರದ ಸಂಗತಿ ಎನ್ನುವಂತಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಹಲವು ವಿಲ್ಲಾ ಬಡಾವಣೆಗಳು ಜಲಾವೃತವಾಗಿ, ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. ಕೆರೆಯಿಂದ ಕೆರೆಗೆ ನೀರು ಹರಿಯುತ್ತಿದ್ದ ತಗ್ಗು ಜಾಗ ಕಾಗದದ ಮೇಲೆ ಸೈಟಾದರೂ ನೀರಿನ ಪಾಲಿಗೆ ದಾರಿಯಾಗಿಯೇ ಉಳಿಯುತ್ತದೆ. ಅಂಥ ಕಡೆ ನೆಲಮಾಳಿಗೆಯಲ್ಲಿ ಕಾರು, ಜನರೇಟರು, ವಿದ್ಯುತ್ ಫಲಕಗಳನ್ನು ಇಡುವುದು ಪ್ರಾಣಾಪಾಯವೂ ಹೌದು. ಸೈಟು ಕೊಳ್ಳುವ ಮೊದಲು ಹಳೆಯ ಕಂದಾಯ ನಕ್ಷೆಯಲ್ಲಿ ಕೆರೆ, ರಾಜಕಾಲುವೆಗಳನ್ನು ಗುರುತಿಸಬೇಕು. ಸ್ಥಳೀಯ ಹಿರಿಯರನ್ನು ವಿಚಾರಿಸಬೇಕು.

ಪಾಯಕ್ಕೆ ಮೊದಲು ಕೇಳಬೇಕಾದವು

1. ಸೈಟಿನ ಸುತ್ತಲಿನ ನೆಲ ಎತ್ತ ಇಳಿಯುತ್ತದೆ? ಬಿರುಮಳೆಯ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ? ಮನೆಯ ನೆಲಮಟ್ಟ ಅದಕ್ಕಿಂತ ಎಷ್ಟು ಮೇಲಿದೆ?

2. ಮಣ್ಣಿನ ಪರೀಕ್ಷೆ ಆಗಿದೆಯೆ? ರಚನಾ ಇಂಜಿನಿಯರ್ ಸಹಿ ಮಾಡಿದ ನಕ್ಷೆ ಕೈಯಲ್ಲಿದೆಯೆ? ಉದ್ದನೆಯ ಚಾಚು, ಕೊಳ, ತಾರಸಿ ತೋಟ ಇದ್ದರೆ ಗುತ್ತಿಗೆದಾರರಿಗೂ ವಾಸ್ತುಶಿಲ್ಪಿಗೂ ಸಂಬಂಧಪಡದ ಎರಡನೆಯ ಇಂಜಿನಿಯರಿಂದ ಲೆಕ್ಕ ಪರಿಶೀಲಿಸಿದ್ದೀರಾ? ಕಾಫ್‌ಮನ್‌ನ ಮನೆ ಉಳಿದದ್ದು ಇಂಥ ಪರಿಶೀಲನೆಯಿಂದ.

3. ಕಾಂಕ್ರೀಟು ಹಾಕುವ ದಿನ ಕ್ಯಾಂಟಿಲಿವರಿನ ಸರಳು ಮೇಲ್ಭಾಗದಲ್ಲೇ ಉಳಿಯುವಂತೆ ನೋಡಿಕೊಳ್ಳುವವರು ಯಾರು? ಆಸರೆಗಳನ್ನು ಎಷ್ಟು ದಿನಕ್ಕೆ ತೆಗೆಯಬೇಕೆಂದು ಇಂಜಿನಿಯರು ಬರಹದಲ್ಲಿ ಕೊಟ್ಟಿದ್ದಾರೆಯೆ?

4. ಮಾಳಿಗೆಯ ಇಳಿಜಾರು, ಕೊಳವೆಗಳ ಸ್ಥಾನ ನಕ್ಷೆಯಲ್ಲಿವೆಯೆ? ನೀರುತಡೆ ಕೆಲಸ ಮುಗಿದ ಮೇಲೆ ತಾರಸಿಯಲ್ಲಿ ಎರಡು ಮೂರು ದಿನ ನೀರು ನಿಲ್ಲಿಸಿ ಪರೀಕ್ಷಿಸುವ ಮಾತು ಕರಾರಿನಲ್ಲಿದೆಯೆ? ಈ ಪರೀಕ್ಷೆ ಟೈಲ್ಸ್ ಹಾಕುವ ಮೊದಲೇ ಆಗಬೇಕು.

5. ಪ್ರತಿ ದೊಡ್ಡ ಗಾಜೂ ಯಾವ ದಿಕ್ಕಿಗಿದೆ? ಮಾರ್ಚಿನ ಸಂಜೆ ನಾಲ್ಕರಲ್ಲಿ ಅದರ ಮೇಲೆ ನೆರಳು ಬೀಳುತ್ತದೆಯೆ? ಎದುರು ಗೋಡೆಯಲ್ಲಿ ತೆರೆಯಬಹುದಾದ ಕಿಟಕಿ ಇದೆಯೆ?

ಇವುಗಳಿಗೆ ಉತ್ತರ ಪಡೆಯಲು ಕೆಲವು ವಾರಗಳ ಕಾಲಾವಕಾಶ ಮತ್ತು ಒಂದಿಷ್ಟು ಸಲಹಾ ಶುಲ್ಕ ಬೇಕು. ಕಾಗದದ ಮೇಲೆ ಗೋಡೆಯನ್ನು ಪೂರ್ವದಿಂದ ಪಶ್ಚಿಮಕ್ಕೆ ಸರಿಸಲು ರಬ್ಬರ್ ಸಾಕು, ಕಟ್ಟಿದ ಮೇಲೆ ಸುತ್ತಿಗೆ ಬೇಕು. ಸೆಕೆಯಿಲ್ಲದೆ ನಿದ್ದೆ ಬರುವ ಕೋಣೆ, ಮಳೆಗಾಲದಲ್ಲಿ ಬಕೆಟ್ ಹುಡುಕಬೇಕಿಲ್ಲದ ಮಾಳಿಗೆ, ಮಕ್ಕಳು ಓಡಿದರೆ ಅದುರದ ಬಾಲ್ಕನಿ ಇವು ಇದ್ದರೆ ಆ ಮನೆ ನಿಜವಾಗಿ ಐಷಾರಾಮಿ. ಉಳಿದ ಅಲಂಕಾರಕ್ಕೆ ಗೃಹಪ್ರವೇಶದ ನಂತರವೂ ಸಮಯವಿದೆ.